ಜಾನ್ ಸ್ನೋ: ಲೆಕ್ಕವಿಟ್ಟ ವೈದ್ಯ

ವೈದ್ಯನ ಕೆಲಸವೆಂದರೆ ರೋಗಿಯ ನಾಡಿ ಹಿಡಿದು, ನಾಲಗೆ ನೋಡಿ, ಮದ್ದು ಕೊಡುವುದೆಂದು ನಾವೆಲ್ಲರೂ ತಿಳಿದಿದ್ದೇವೆ. ಅದು ನಿಜವೇ. ಆದರೆ ಕೊಟ್ಟ ಮದ್ದು ಎಷ್ಟು ಮಂದಿಗೆ ಹಿಡಿಯಿತು, ಯಾರಿಗೆ ಒಗ್ಗಲಿಲ್ಲ, ಯಾರು ಬದುಕಿದರು, ಯಾರು ಏಕೆ ಸತ್ತರು ಎಂಬುದನ್ನು ಬರೆದಿಡುವುದೂ ವೈದ್ಯನ ಕೆಲಸವೇ ಎಂಬುದು ಅಷ್ಟು ಬೇಗ ನಮ್ಮ ಮನಸ್ಸಿಗೆ ಹೊಳೆಯುವುದಿಲ್ಲ. ಇಂದು ಲಕ್ಷಾಂತರ ರೋಗಿಗಳು ಸೇವಿಸಿದ ಔಷಧಗಳ ವಿವರಗಳನ್ನು ಕಂಪ್ಯೂಟರುಗಳಲ್ಲಿ ಕೂಡಿಟ್ಟು, ಅವುಗಳನ್ನು ಗೆರೆಗಳಾಗಿ, ಚುಕ್ಕೆಗಳಾಗಿ, ಕಂಬಗಳಾಗಿ ಚಿತ್ರಿಸಿ, ಯಾವ ಔಷಧ ಗುಣ ಮಾಡುತ್ತದೆ, ಯಾವುದು ಕೇಡು ಮಾಡುತ್ತದೆ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಾರೆ. ಇಂಥ ಸಾಧನಗಳಾವುವೂ ಇಲ್ಲದ ಕಾಲದಲ್ಲಿ, ಒಂದು ಬರೆಯುವ ಪುಸ್ತಕ, ಒಂದು ಊರಿನ ನಕ್ಷೆ, ಒಂದು ಜೊತೆ ಗಟ್ಟಿ ಕಾಲು ಇವಿಷ್ಟನ್ನೇ ನಂಬಿ ಈ ಕೆಲಸವನ್ನು ಮಾಡಿದವನು ಲಂಡನ್ನಿನ ಡಾಕ್ಟರ್ ಜಾನ್ ಸ್ನೋ. ಆತನ ಹೆಸರನ್ನು ಇಂದು ವೈದ್ಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಆತನು ಬದುಕಿದ್ದಾಗ ಆತನ ಅತಿ ಮುಖ್ಯವಾದ ಮಾತನ್ನು ನಂಬಿದವರು ಬೆರಳೆಣಿಕೆಯ ಮಂದಿ.

ಸ್ನೋ ಹುಟ್ಟಿದ್ದು ೧೮೧೩ನೆಯ ಮಾರ್ಚ್ ೧೫ರಂದು, ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ. ಒಂಬತ್ತು ಮಂದಿ ಮಕ್ಕಳಲ್ಲಿ ಆತನೇ ಹಿರಿಯನು. ತಂದೆ ಕೂಲಿಯ ಕೆಲಸ ಮಾಡುತ್ತಿದ್ದವನು. ದುಡಿದು ಮಿಗಿಸಿ ಮುಂದೆ ಬೇಸಾಯಕ್ಕೆ ಇಳಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ, ೧೮೨೭ರಲ್ಲಿ, ಹುಡುಗನನ್ನು ದೂರದ ನ್ಯೂಕಾಸಲ್ ಪಟ್ಟಣದ ವಿಲಿಯಂ ಹಾರ್ಡ್‌ಕಾಸಲ್ ಎಂಬ ವೈದ್ಯನ ಬಳಿ ಶಿಷ್ಯನಾಗಿ ಬಿಟ್ಟರು. ಆ ಕಾಲದಲ್ಲಿ ಬಡವರ ಮಕ್ಕಳಿಗೆ ವೈದ್ಯವಿದ್ಯೆಯ ಬಾಗಿಲು ಇದೊಂದೇ ಆಗಿತ್ತು: ಗುರುವಿನ ಮನೆಯಲ್ಲಿದ್ದು, ಮದ್ದು ಅರೆದು, ಸೀಸೆ ತೊಳೆದು, ರೋಗಿಗಳ ಮನೆಗೆ ಓಡಾಡಿ ಕಲಿಯುವುದು. ಹದಿನೇಳನೆಯ ವಯಸ್ಸಿನಲ್ಲಿ ಆತನು ಮಾಂಸಾಹಾರವನ್ನು ಬಿಟ್ಟನು, ಮದ್ಯಪಾನವನ್ನೂ ತೊರೆದನು. ಮಿತಭಾಷಿ, ಸಂಕೋಚ ಸ್ವಭಾವ, ಹಿಡಿದ ಕೆಲಸವನ್ನು ಬಿಡದ ಹಟ, ಇವು ಆತನಿಗೆ ಕೊನೆಯವರೆಗೂ ಉಳಿದ ಗುಣಗಳು.

ಗಂಗೆಯ ಮುಖಜ ಭೂಮಿಯಾದ ಬಂಗಾಳದಲ್ಲಿ ೧೮೧೭ರಲ್ಲಿ ಭೀಕರವಾಗಿ ತಲೆಯೆತ್ತಿದ ಕಾಲರಾ ರೋಗವು ದೇಶದೇಶಗಳನ್ನು ದಾಟಿ ೧೮೩೧ರಲ್ಲಿ ಇಂಗ್ಲೆಂಡಿನ ಕರಾವಳಿಗೆ ಕಾಲಿಟ್ಟಿತು. ಬೆಳಿಗ್ಗೆ ನಗುನಗುತ್ತಿದ್ದವನು ಸಂಜೆಗೆ ವಾಂತಿಭೇದಿಯಿಂದ ಸೊರಗಿ, ಮೈ ನೀಲಿಗಟ್ಟಿ, ಪ್ರಾಣ ಬಿಡುವ ಆ ರೋಗದ ಭಯವನ್ನು ನಮ್ಮ ಹಳ್ಳಿಗಳ ಹಿರಿಯರೂ ಚೆನ್ನಾಗಿ ಬಲ್ಲವರಾಗಿದ್ದರು. ನ್ಯೂಕಾಸಲ್ ಬಳಿಯ ಕಿಲ್ಲಿಂಗ್‌ವರ್ತ್ ಕಲ್ಲಿದ್ದಲ ಗಣಿಯಲ್ಲಿ ರೋಗ ಹಬ್ಬಿದಾಗ, ಗುರುವು ಹದಿನೆಂಟು ವರ್ಷದ ಶಿಷ್ಯನನ್ನೇ ಅಲ್ಲಿಗೆ ಕಳುಹಿಸಿದನು. ಕೈಯಲ್ಲಿದ್ದ ಮದ್ದುಗಳಾವುವೂ ನಾಟಲಿಲ್ಲ. ಆದರೆ ಗಣಿಯ ಆಳದಲ್ಲಿ ಶೌಚಕ್ಕೆ ಬೇರೆ ಸ್ಥಳವಿಲ್ಲದೆ, ಕೈ ತೊಳೆಯಲು ನೀರಿಲ್ಲದೆ, ಅದೇ ಕೈಯಲ್ಲಿ ಬುತ್ತಿಯನ್ನು ಬಿಚ್ಚಿ ಉಣ್ಣುತ್ತಿದ್ದ ಕೂಲಿಗಳ ಪಾಡು ತರುಣನ ಕಣ್ಣಿಗೆ ಬಿದ್ದಿತು. ಇಪ್ಪತ್ತು ವರ್ಷಗಳಾಚೆ ಅದು ಆತನ ಪುಸ್ತಕದಲ್ಲಿ ಒಂದು ಸಾಕ್ಷ್ಯವಾಗಿ ನಿಂತಿತು.

೧೮೩೬ರಲ್ಲಿ ಸ್ನೋ ಹೆಚ್ಚಿನ ವ್ಯಾಸಂಗಕ್ಕಾಗಿ ಲಂಡನ್ನಿಗೆ ಹೊರಟನು. ಗಾಡಿಯ ಬಾಡಿಗೆ ಕೊಡದೆ, ಲಿವರ್‌ಪೂಲ್, ವೇಲ್ಸ್ ಪ್ರಾಂತಗಳನ್ನು ಸುತ್ತಿ, ನೂರಾರು ಮೈಲಿಗಳನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿ ರಾಜಧಾನಿಯನ್ನು ಸೇರಿದನು. ೧೮೩೮ರಲ್ಲಿ ವೈದ್ಯವೃತ್ತಿಯ ಪರೀಕ್ಷೆಗಳಲ್ಲಿ ಉತ್ತೀರ್ಣನಾಗಿ ಸೋಹೋ ಎಂಬ ಜನನಿಬಿಡ ಪೇಟೆಯ ಫ್ರಿತ್ ಬೀದಿಯಲ್ಲಿ ಚಿಕಿತ್ಸಾಲಯ ತೆರೆದನು. ರೋಗಿಗಳು ಕಡಿಮೆ, ಬಂದವರೂ ಬಡವರು. ಆದರೂ ಓದು ನಿಲ್ಲಲಿಲ್ಲ. ೧೮೪೪ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಎಂ. ಡಿ. ಪದವಿ ದೊರೆಯಿತು. ಮದುವೆಯ ಯೋಚನೆಯನ್ನು ಮಾಡದ ಆತನಿಗೆ ವೈದ್ಯಸಂಘದ ಸಭೆಗಳೇ ಸಂಸಾರ. ಅಲ್ಲಿ ಈ ಒಡಕು ದನಿಯ ತರುಣನು ಎದ್ದು ಮಾತನಾಡಿದರೆ ಮೊದಮೊದಲು ಕೇಳುವವರೇ ಇರಲಿಲ್ಲವಂತೆ.

ಆತನ ಭಾಗ್ಯೋದಯವಾದದ್ದು ಒಂದು ಹೊಸ ಮದ್ದಿನಿಂದ. ೧೮೪೬ರ ಅಕ್ಟೋಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಈಥರಿನ ಆವಿಯನ್ನು ಮೂಸಿಸಿ, ರೋಗಿಗೆ ನೋವೇ ತಿಳಿಯದಂತೆ ಶಸ್ತ್ರಚಿಕಿತ್ಸೆ ಮಾಡಿ ತೋರಿಸಲಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸುದ್ದಿ ಲಂಡನ್ನನ್ನು ಮುಟ್ಟಿತು. ಕೈಕಾಲುಗಳನ್ನು ಕಟ್ಟಿ ಕೊಯ್ಯುತ್ತಿದ್ದ ಕಾಲದಲ್ಲಿ ಇದು ಪವಾಡವೇ ಸರಿ. ಆದರೆ ಪವಾಡ ಎಲ್ಲರ ಕೈಯಲ್ಲೂ ಒಂದೇ ಸಮನಾಗಿ ನಡೆಯಲಿಲ್ಲ. ಒಬ್ಬ ರೋಗಿ ಸುಖವಾಗಿ ನಿದ್ರಿಸಿದರೆ ಮತ್ತೊಬ್ಬನು ಎದ್ದು ಹುಚ್ಚನಂತೆ ಕೂಗಾಡುತ್ತಿದ್ದನು. ಮಗುದೊಬ್ಬನಿಗೆ ಮದ್ದು ಏರುತ್ತಲೇ ಇರಲಿಲ್ಲ. ಹಲವರು ಇದು ರೋಗಿಯ ಪ್ರಕೃತಿಯ ಗುಣವೆಂದು ಹೇಳಿ ಕೈ ತೊಳೆದುಕೊಂಡರು. ಸ್ನೋ ಮಾತ್ರ ಬೇರೆ ಬಗೆಯಲ್ಲಿ ಯೋಚಿಸಿದನು. ಈಥರು ಬೆಚ್ಚಗಿನ ಕೋಣೆಯಲ್ಲಿ ಬೇಗ ಆವಿಯಾಗುತ್ತದೆ, ತಣ್ಣನೆಯ ಕೋಣೆಯಲ್ಲಿ ನಿಧಾನವಾಗಿ. ಹಾಗಾದರೆ ರೋಗಿಯು ಒಂದು ಉಸಿರಿನಲ್ಲಿ ಎಳೆದುಕೊಳ್ಳುವ ಮದ್ದಿನ ಪ್ರಮಾಣವು ಅಂದಿನ ಶಾಖವನ್ನು ಅವಲಂಬಿಸಿದೆ. ಯಾವ ಉಷ್ಣತೆಯಲ್ಲಿ ಗಾಳಿಯೊಡನೆ ಎಷ್ಟು ಆವಿ ಬೆರೆಯುತ್ತದೆಂಬುದನ್ನು ಅಳೆದು, ೧೮೪೭ರ ಜನವರಿಯಲ್ಲಿಯೇ, ಎಂದರೆ ಸುದ್ದಿ ಬಂದ ಕೆಲವೇ ವಾರಗಳಲ್ಲಿ, ಒಂದು ಕೋಷ್ಟಕವನ್ನು ವೈದ್ಯಸಂಘದ ಮುಂದಿಟ್ಟನು. ಆವಿಯು ಏಕರೀತಿಯಾಗಿ ಬರುವಂತೆ ನೀರಿನ ಪಾತ್ರೆಯೊಳಗೆ ಇರಿಸುವ ಒಂದು ಉಪಕರಣವನ್ನೂ ಮಾಡಿಸಿದನು. ಅದೇ ವರ್ಷ ಪ್ರಕಟವಾದ ಆತನ ಪುಸ್ತಕದಲ್ಲಿ ಮೂರ್ಛೆಯ ಐದು ಮೆಟ್ಟಿಲುಗಳ ವರ್ಣನೆಯಿದೆ. ಕಣ್ಣು, ಉಸಿರು, ಮಾಂಸಖಂಡ ಇವುಗಳ ಚಿಹ್ನೆಗಳಿಂದ ರೋಗಿಯು ಯಾವ ಮೆಟ್ಟಿಲಲ್ಲಿದ್ದಾನೆಂದು ವೈದ್ಯನು ತಿಳಿಯಬಹುದು.

ಆ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ಪ್ರಸಿದ್ಧ ವೈದ್ಯನು ಕ್ಲೋರೋಫಾರಮನ್ನು ಬಳಕೆಗೆ ತಂದನು. ಅದು ಈಥರಿಗಿಂತ ಬಲವಾದದ್ದು. ಉಪಕರಣವೇ ಬೇಡ, ಕರವಸ್ತ್ರದ ಮೇಲೆ ಸುರಿದು ಮೂಗಿಗೆ ಹಿಡಿದರೆ ಸಾಕೆಂದು ಎಲ್ಲರೂ ಹಿಗ್ಗಿದರು. ಆದರೆ ಮೂರು ತಿಂಗಳು ಕಳೆಯುವುದರೊಳಗೆ, ೧೮೪೮ರ ಜನವರಿ ೨೮ರಂದು, ನ್ಯೂಕಾಸಲ್ ಬಳಿಯ ಹಳ್ಳಿಯೊಂದರಲ್ಲಿ ಹದಿನೈದು ವರ್ಷದ ಹ್ಯಾನಾ ಗ್ರೀನರ್ ಎಂಬ ಹುಡುಗಿ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಕುಳಿತವಳು, ಕ್ಲೋರೋಫಾರಮನ್ನು ಮೂಸಿದ ಕೆಲವು ನಿಮಿಷಗಳಲ್ಲಿ ಸತ್ತುಹೋದಳು. ಇದು ಹೇಗಾಯಿತೆಂಬ ಬಗ್ಗೆ ವಾದವಿವಾದಗಳು ಎದ್ದವು. ಸ್ನೋನ ಉತ್ತರ ಸರಳವಾಗಿತ್ತು. ಕರವಸ್ತ್ರದಿಂದ ಬರುವ ಆವಿಗೆ ಅಳತೆಯಿಲ್ಲ; ಗಾಳಿಯಲ್ಲಿ ನೂರಕ್ಕೆ ನಾಲ್ಕೈದು ಪಾಲು ಇರಬೇಕಾದದ್ದು ಒಮ್ಮೊಮ್ಮೆ ಅದರ ಇಮ್ಮಡಿಯಾಗಬಹುದು; ಆಗ ಹೃದಯವೇ ನಿಂತುಹೋಗುತ್ತದೆ. ಮದ್ದು ಕೆಟ್ಟದ್ದಲ್ಲ, ಅಳತೆಯಿಲ್ಲದ ಮದ್ದು ಕೆಟ್ಟದ್ದು.

ಇದನ್ನು ಬಾಯಲ್ಲಿ ಹೇಳಿ ಆತನು ಸುಮ್ಮನಾಗಲಿಲ್ಲ. ತಾನು ಮದ್ದು ಕೊಟ್ಟ ರೋಗಿಗಳ ವಿವರವನ್ನು ದಿನದಿನವೂ ಪುಸ್ತಕದಲ್ಲಿ ಬರೆಯುತ್ತ ಬಂದನು: ರೋಗಿ ಯಾರು, ವಯಸ್ಸೇನು, ಶಸ್ತ್ರಚಿಕಿತ್ಸೆ ಯಾವುದು, ಮಾಡಿದ ವೈದ್ಯನಾರು, ಮದ್ದು ಹೇಗೆ ಏರಿತು, ಎಚ್ಚರವಾದ ಮೇಲೆ ವಾಂತಿಯಾಯಿತೇ ಇಲ್ಲವೇ. ೧೮೪೮ರ ಜುಲೈ ತಿಂಗಳಿನಿಂದ ೧೮೫೮ರ ಜೂನ್ ತಿಂಗಳವರೆಗಿನ ಮೂರು ಸಂಪುಟಗಳು ಉಳಿದುಬಂದಿವೆ. ಕ್ಲೋರೋಫಾರಮನ್ನೇ ಆತನು ನಾಲ್ಕು ಸಾವಿರಕ್ಕೂ ಹೆಚ್ಚು ಸಲ ಕೊಟ್ಟನು. ಆ ಪುಟಗಳಲ್ಲಿ ಹಲ್ಲು ಕೀಳಿಸಿಕೊಂಡ ಬಡ ಹೆಂಗಸೂ ಇದ್ದಾಳೆ, ಇಂಗ್ಲೆಂಡಿನ ರಾಣಿಯೂ ಇದ್ದಾಳೆ. ೧೮೫೩ರ ಏಪ್ರಿಲ್ ೭ರಂದು ರಾಜಕುಮಾರ ಲಿಯೊಪೋಲ್ಡನ ಜನನದ ಹೊತ್ತಿಗೆ, ಮತ್ತೆ ೧೮೫೭ರಲ್ಲಿ ರಾಜಕುಮಾರಿ ಬಿಯಾಟ್ರಿಸಳ ಜನನದ ಹೊತ್ತಿಗೆ, ವಿಕ್ಟೋರಿಯಾ ರಾಣಿಗೆ ಕ್ಲೋರೋಫಾರಮನ್ನು ಕೊಟ್ಟವನು ಸ್ನೋ. ಹೆರಿಗೆಯ ನೋವನ್ನು ನೀಗುವುದು ತಪ್ಪೆಂದು ಗೊಣಗುತ್ತಿದ್ದವರ ಬಾಯಿ ಆ ಬಳಿಕ ಬಹುಮಟ್ಟಿಗೆ ಮುಚ್ಚಿತು. ರಾಣಿಯ ವಿಷಯವಾಗಿ ಕುತೂಹಲದಿಂದ ಪೀಡಿಸಿದವರಿಗೆ ಆತನು ಏನನ್ನೂ ಬಿಟ್ಟುಕೊಡಲಿಲ್ಲ. ಪುಸ್ತಕದಲ್ಲಿ ಮಾತ್ರ ಉಳಿದ ರೋಗಿಗಳ ಸಾಲಿನಲ್ಲೇ ಆಕೆಯ ವಿವರವನ್ನೂ ಬರೆದಿಟ್ಟನು.

ತನಗೆ ಅನುಕೂಲವಲ್ಲದ್ದನ್ನೂ ಆತನು ಮರೆಮಾಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ೧೮೫೬ರ ಕೊನೆಯಲ್ಲಿ ಆಮಿಲೀನ್ ಎಂಬ ಹೊಸ ಮದ್ದನ್ನು ಆತನೇ ಆಸೆಯಿಂದ ಬಳಸಲಾರಂಭಿಸಿದನು. ೨೩೮ ಸಲ ಕೊಟ್ಟುದರಲ್ಲಿ ಇಬ್ಬರು ಸತ್ತರು. ಆ ಎರಡು ಸಾವುಗಳನ್ನೂ ಬಹಿರಂಗವಾಗಿ ಪ್ರಕಟಿಸಿ ಆ ಮದ್ದನ್ನು ಕೈಬಿಟ್ಟನು. ಕ್ಲೋರೋಫಾರಮಿನಿಂದಾದ ಸಾವುಗಳ ವರದಿಗಳನ್ನು ಎಲ್ಲೆಡೆಯಿಂದ ಕೂಡಿಸಿ, ಐವತ್ತನ್ನು ಒಂದೊಂದಾಗಿ ಬಿಡಿಸಿ ನೋಡಿ, ಎಲ್ಲಿ ಅಳತೆ ತಪ್ಪಿತೆಂದು ಹುಡುಕಿದನು. ಸತ್ತವರ ಲೆಕ್ಕದಿಂದಲೇ ಬದುಕುವವರಿಗೆ ದಾರಿ ತೋರಬೇಕೆಂಬುದು ಆತನ ವಿಧಾನ.

ಈ ವಿಧಾನವನ್ನೇ ಆತನು ಕಾಲರಾ ರೋಗದ ಮೇಲೂ ಪ್ರಯೋಗಿಸಿದನು. ೧೮೪೮ರಲ್ಲಿ ರೋಗವು ಲಂಡನ್ನಿಗೆ ಮರಳಿ ಬಂದಿತು. ಕೊಳೆತ ಪದಾರ್ಥಗಳಿಂದೇಳುವ ದುರ್ಗಂಧದ ಗಾಳಿಯೇ ರೋಗಕ್ಕೆ ಕಾರಣವೆಂದು ಆ ಕಾಲದ ಪಂಡಿತರೂ ಅಧಿಕಾರಿಗಳೂ ದೃಢವಾಗಿ ನಂಬಿದ್ದರು. ಆವಿಗಳ ಸ್ವಭಾವವನ್ನು ವರ್ಷಗಟ್ಟಲೆ ಅಳೆದವನಿಗೆ ಇದು ಒಪ್ಪಿಗೆಯಾಗಲಿಲ್ಲ. ಗಾಳಿಯಲ್ಲಿ ಬೆರೆತ ವಿಷವು ದೂರ ಹೋದಷ್ಟೂ ತೆಳುವಾಗಬೇಕು. ದುರ್ಗಂಧದ ನಡುವೆಯೇ ದುಡಿಯುವವರು ಮೊದಲು ಸಾಯಬೇಕು. ಹಾಗೆ ಆಗುತ್ತಿರಲಿಲ್ಲ. ಅಲ್ಲದೆ ಉಸಿರಿನಿಂದ ಹೊಕ್ಕ ವಿಷವಾದರೆ ಮೊದಲು ಜ್ವರ, ತಲೆನೋವು ತೋರಬೇಕು. ಕಾಲರಾ ಮೊದಲಾಗುವುದು ಕರುಳಿನಲ್ಲಿ. ಆದುದರಿಂದ ರೋಗದ ಬೀಜವು ಬಾಯಿಯ ಮೂಲಕ, ಬಹುಮಟ್ಟಿಗೆ ರೋಗಿಯ ಮಲ ಬೆರೆತ ನೀರಿನ ಮೂಲಕ, ಹೊಟ್ಟೆಗೆ ಸೇರುತ್ತಿರಬೇಕೆಂದು ಆತನು ತರ್ಕಿಸಿದನು. ೧೮೪೯ರಲ್ಲಿ ಇದನ್ನು ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಿದನು. ತರ್ಕ ಚೆನ್ನಾಗಿದೆ, ಪ್ರಮಾಣವೆಲ್ಲಿ ಎಂದು ವಿಮರ್ಶಕರು ಕೇಳಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮಲ್ಲಿಯೂ ಇರುವ ಗಾದೆ. ಸ್ನೋ ಅದನ್ನು ನ್ಯಾಯವಾದ ಪ್ರಶ್ನೆಯೆಂದೇ ತಿಳಿದು ಪ್ರಮಾಣಕ್ಕಾಗಿ ಕಾದನು.

ಐದು ವರ್ಷಗಳ ಮೇಲೆ ಪ್ರಮಾಣವು ಎರಡು ಕಡೆ ಒಟ್ಟಿಗೇ ದೊರೆಯಿತು. ಒಂದು, ಥೇಮ್ಸ್ ನದಿಯ ದಕ್ಷಿಣದ ಬಡಾವಣೆಗಳಲ್ಲಿ. ಅಲ್ಲಿ ಸೌತ್‌ವರ್ಕ್ ಮತ್ತು ವಾಕ್ಸ್‌ಹಾಲ್ ಎಂಬ ಕಂಪನಿಯೂ ಲ್ಯಾಂಬೆತ್ ಎಂಬ ಕಂಪನಿಯೂ ಒಂದೇ ಬೀದಿಯ ಮನೆಗಳಿಗೆ ಪೈಪೋಟಿಯಿಂದ ನಲ್ಲಿ ಹಾಕಿದ್ದವು. ಮೊದಲಿನದು ಊರಿನ ಕೊಳಚೆಯೆಲ್ಲ ಕೂಡುವ ಎಡೆಯಲ್ಲೇ ನದಿಯ ನೀರನ್ನು ಎತ್ತುತ್ತಿತ್ತು. ಎರಡನೆಯದು ೧೮೫೨ರಲ್ಲಿ ತನ್ನ ಯಂತ್ರವನ್ನು ನದಿಯ ಮೇಲುಭಾಗಕ್ಕೆ, ಕೊಳಚೆ ತಲಪದ ಥೇಮ್ಸ್ ಡಿಟನ್‌ಗೆ ಸಾಗಿಸಿತ್ತು. ಬಡವ ಬಲ್ಲಿದರೆನ್ನದೆ ಮೂರು ಲಕ್ಷಕ್ಕೂ ಮೇಲ್ಪಟ್ಟ ಜನ, ತಮಗೆ ತಿಳಿಯದೆಯೇ, ಎರಡು ಪಾಲಾಗಿ ಹಂಚಿಹೋಗಿದ್ದರು. ಪ್ರಯೋಗಶಾಲೆಯಲ್ಲಿ ಯಾರೂ ಹೂಡಲಾಗದ ಪ್ರಯೋಗ ತಾನಾಗಿಯೇ ಸಿದ್ಧವಾಗಿತ್ತು. ಸಾವು ಸಂಭವಿಸಿದ ಮನೆಗಳಿಗೆ ಸ್ನೋ ತಾನೇ ನಡೆದುಹೋಗಿ, ನಿಮ್ಮ ನೀರು ಯಾವ ಕಂಪನಿಯದೆಂದು ಕೇಳಿದನು. ಎಷ್ಟೋ ಮಂದಿಗೆ ಅದೂ ತಿಳಿಯದು. ನೀರಿನ ಸುಂಕ ಕಟ್ಟುವವನು ಮನೆಯ ಮಾಲೀಕ. ಆಗ ಸ್ನೋ ಒಂದು ಸಣ್ಣ ಸೀಸೆಯಲ್ಲಿ ನೀರನ್ನು ತಂದು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬೆರೆಸಿ ನೋಡುತ್ತಿದ್ದನು. ಊರೊಳಗಿನ ನದಿಯ ನೀರಿನಲ್ಲಿ ಉಪ್ಪು ಮೇಲುಭಾಗದ ನೀರಿನದಕ್ಕಿಂತ ಸುಮಾರು ನಲವತ್ತು ಪಾಲು ಹೆಚ್ಚು. ಅದು ಒಡನೆಯೇ ಬೆಳ್ಳಗೆ ಗರಟುಗಟ್ಟುತ್ತಿತ್ತು. ಹೀಗೆ ರೋಗದ ಮೊದಲ ಏಳು ವಾರಗಳ ಲೆಕ್ಕ ಮುಗಿದಾಗ, ಮೊದಲ ಕಂಪನಿಯ ೪೦,೦೪೬ ಮನೆಗಳಲ್ಲಿ ೧,೨೬೩ ಸಾವುಗಳು, ಎರಡನೆಯದರ ೨೬,೧೦೭ ಮನೆಗಳಲ್ಲಿ ೯೮ ಸಾವುಗಳು ಕಂಡುಬಂದವು. ಹತ್ತು ಸಾವಿರ ಮನೆಗಳಿಗೆ ಒಂದರಲ್ಲಿ ೩೧೫, ಮತ್ತೊಂದರಲ್ಲಿ ೩೭.

ಈ ಕೆಲಸ ನಡೆಯುತ್ತಿರುವಾಗಲೇ, ೧೮೫೪ರ ಆಗಸ್ಟ್ ೩೧ರ ರಾತ್ರಿ, ಆತನ ಮನೆಗೆ ಹತ್ತಿರದ ಸೋಹೋ ಪೇಟೆಯ ಬ್ರಾಡ್ ಬೀದಿಯಲ್ಲಿ ರೋಗವು ಸಿಡಿಲಿನಂತೆ ಎರಗಿತು. ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸತ್ತರು. ಜನ ಮನೆಗಳಿಗೆ ಬೀಗ ಹಾಕಿ ಓಡಿಹೋದರು. ಸ್ನೋ ಆ ಬೀದಿಯ ಪಂಪಿನ ಮೇಲೆ ಅನುಮಾನಗೊಂಡು ಸೆಪ್ಟೆಂಬರ್ ೩ರ ಸಂಜೆ ಅದರ ನೀರನ್ನು ತೆಗೆದು ನೋಡಿದನು. ನೀರು ತಿಳಿಯಾಗಿಯೇ ಇತ್ತು. ಹೇಳಿಕೊಳ್ಳುವಂಥ ಕಲ್ಮಷ ಕಾಣಲಿಲ್ಲ. ಆತನೂ ಒಂದು ಗಳಿಗೆ ಹಿಂಜರಿದನು. ಕಣ್ಣಿಗೆ ಕಾಣದ್ದನ್ನು ತೋರಿಸಬಲ್ಲದ್ದು ಲೆಕ್ಕವೊಂದೇ ಎಂದುಕೊಂಡು ಜನನ ಮರಣಗಳ ದಾಖಲೆಯ ಕಚೇರಿಗೆ ಹೋಗಿ, ಆ ವಾರ ಅಲ್ಲಿ ಕಾಲರಾದಿಂದ ಸತ್ತ ೮೩ ಮಂದಿಯ ಮನೆಗಳ ವಿಳಾಸಗಳನ್ನು ಬರೆದುಕೊಂಡು ಬಂದನು. ಆ ಕಚೇರಿಯಲ್ಲಿ ಅಂಕಿಅಂಶಗಳನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಫಾರ್ ಎಂಬ ಪಂಡಿತನು ದುರ್ಗಂಧದ ವಾದವನ್ನೇ ನಂಬಿದ್ದವನು. ಆದರೂ ಲೆಕ್ಕಗಳನ್ನು ಸ್ನೋನಿಗೆ ತಡೆಯಿಲ್ಲದೆ ಒದಗಿಸಿದನು. ಇದು ಆತನ ದೊಡ್ಡ ಗುಣ.

ವಿಳಾಸಗಳನ್ನು ಹಿಡಿದು ಸ್ನೋ ಮನೆಮನೆ ತಿರುಗಿದನು. ಹೆಚ್ಚುಕಡಿಮೆ ಎಲ್ಲ ಸಾವುಗಳೂ ಆ ಪಂಪಿನ ಸುತ್ತಲೇ. ಹತ್ತು ಸಾವುಗಳು ಮಾತ್ರ ಬೇರೆ ಪಂಪುಗಳಿಗೆ ಹತ್ತಿರವಾದ ಮನೆಗಳಲ್ಲಿ ಆಗಿದ್ದವು. ಬೇರೊಬ್ಬನಾದರೆ ಆ ಹತ್ತನ್ನು ಬದಿಗೆ ಸರಿಸುತ್ತಿದ್ದನೇನೋ. ಸ್ನೋ ಅವುಗಳ ಬೆನ್ನು ಹತ್ತಿದನು. ಐದು ಮನೆಗಳವರು ರುಚಿಯ ಕಾರಣದಿಂದ ಬ್ರಾಡ್ ಬೀದಿಯ ನೀರನ್ನೇ ತರಿಸುತ್ತಿದ್ದರು. ಮೂವರು ಮಕ್ಕಳು ಆ ಪಂಪಿನ ಹತ್ತಿರದ ಶಾಲೆಗೆ ಹೋಗುತ್ತಿದ್ದವರು. ರೋಗ ಮುಟ್ಟದ ಎಡೆಗಳನ್ನೂ ಆತನು ವಿಚಾರಿಸಿದನು. ಪಕ್ಕದಲ್ಲೇ ಇದ್ದ ಬಡವರ ಗೃಹದಲ್ಲಿ ೫೩೫ ಮಂದಿಯಿದ್ದರೂ ಸತ್ತವರು ಐವರೇ. ಅವರಿಗೆ ಬೇರೆ ಬಾವಿಯಿತ್ತು. ಬೀದಿಯಲ್ಲೇ ಇದ್ದ ಬೀರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಸಾಯಲಿಲ್ಲ. ಅವರು ಬೀರನ್ನೇ ಕುಡಿಯುತ್ತಿದ್ದರು. ಪಂಪಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಡುತ್ತಿದ್ದ ಇನ್ನೊಂದು ಕಾರ್ಖಾನೆಯಲ್ಲಿ ಇನ್ನೂರರಲ್ಲಿ ಹದಿನೆಂಟು ಮಂದಿ ಸತ್ತರು. ಕೆಲವು ಮೈಲಿಗಳಾಚೆ, ರೋಗದ ಸುಳಿವೇ ಇಲ್ಲದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಸತ್ತಿದ್ದಳು. ಹಿಂದೆ ಬ್ರಾಡ್ ಬೀದಿಯಲ್ಲಿದ್ದ ಆಕೆಗೆ ಅಲ್ಲಿಯ ನೀರೆಂದರೆ ಪ್ರೀತಿ. ದಿನವೂ ಗಾಡಿಯಲ್ಲಿ ಒಂದು ಸೀಸೆ ನೀರು ಆಕೆಗೆ ಹೋಗುತ್ತಿತ್ತು. ಅದನ್ನು ಕುಡಿದ ಆಕೆಯ ಸಂಬಂಧಿಕಳೂ ತನ್ನ ಊರಿಗೆ ಮರಳಿ ಸತ್ತಳು.

ಸೆಪ್ಟೆಂಬರ್ ೭ರ ಸಂಜೆ ಸ್ನೋ ಆ ಪೇಟೆಯ ಪಾಲಕ ಮಂಡಳಿಯ ಸಭೆಗೆ ಹೋಗಿ ತನ್ನ ಲೆಕ್ಕವನ್ನು ಮುಂದಿಟ್ಟನು. ಸಭ್ಯರು ಪೂರ್ತಿಯಾಗಿ ನಂಬಲಿಲ್ಲ. ಆದರೂ ಮರುದಿನ ಪಂಪಿನ ಹಿಡಿಯನ್ನು ಕಳಚಿಸಿದರು. ಅಲ್ಲಿಗೆ ರೋಗ ಒಮ್ಮೆಲೇ ನಿಂತಿತೆಂದು ಕಥೆ ಹೇಳುವವರುಂಟು. ಅದು ಸರಿಯಲ್ಲ. ಸ್ನೋ ತಾನೇ ಅಚ್ಚು ಹಾಕಿಸಿದ ಕೋಷ್ಟಕದಲ್ಲಿ, ಮುಂದೆ ಸತ್ತವರ ಪೈಕಿ ಸೆಪ್ಟೆಂಬರ್ ೧ರಂದು ರೋಗ ತಗುಲಿದವರು ೧೪೩ ಮಂದಿ, ೮ರ ಹೊತ್ತಿಗೆ ೧೨ ಮಂದಿ. ಜನ ಊರು ಬಿಟ್ಟದ್ದರಿಂದ ರೋಗವು ಆಗಲೇ ಇಳಿಮುಖವಾಗಿತ್ತೆಂದು ಆತನೇ ಒಪ್ಪಿಕೊಂಡನು. ತನ್ನ ಗೆಲುವನ್ನು ತಾನೇ ತಗ್ಗಿಸಿ ಬರೆದುಕೊಂಡ ಈ ಪ್ರಾಮಾಣಿಕತೆಯು ಹಿಡಿಯ ಕಥೆಗಿಂತ ದೊಡ್ಡದು.

ಆ ಪ್ರಸಿದ್ಧ ನಕ್ಷೆಯನ್ನು ಆತನು ಬರೆಸಿದ್ದು ಹಿಡಿ ಕಳಚಿದ ಮೇಲೆ. ೧೮೫೪ರ ಡಿಸೆಂಬರಿನಲ್ಲಿ ಸಭೆಯಲ್ಲಿ ತೋರಿಸಿ, ಮರುವರ್ಷ ಪುಸ್ತಕದ ಎರಡನೆಯ ಮುದ್ರಣದಲ್ಲಿ ಸೇರಿಸಿದನು. ಅದರಲ್ಲಿ ಬೀದಿಗಳಿವೆ, ಪಂಪುಗಳಿವೆ, ಸಾವು ಸಂಭವಿಸಿದ ಪ್ರತಿಯೊಂದು ಮನೆಯ ಮುಂದೆ ಸತ್ತವರೊಬ್ಬೊಬ್ಬರಿಗೆ ಒಂದೊಂದು ಕಪ್ಪು ಗೆರೆಯಿದೆ. ಒಂದು ಮನೆಯಲ್ಲಿ ನಾಲ್ವರು ಸತ್ತಿದ್ದರೆ ನಾಲ್ಕು ಗೆರೆಗಳು ಇಟ್ಟಿಗೆಯಂತೆ ಒಂದರ ಮೇಲೊಂದು. ನಕ್ಷೆಯನ್ನು ತೆರೆದ ಕೂಡಲೇ ನೋಟವು ಆ ಪಂಪಿನ ಬಳಿಗೆ ತಾನಾಗಿ ಹರಿಯುತ್ತದೆ. ಪುಟಗಟ್ಟಲೆ ಪಟ್ಟಿಯನ್ನು ಓದಿದರೂ ಹೊಳೆಯದ್ದು ಒಂದು ನೋಟಕ್ಕೆ ಹೊಳೆಯುತ್ತದೆ. ರೋಗದ ನಕ್ಷೆ ಬರೆದವರಲ್ಲಿ ಈತನೇ ಮೊದಲಿಗನಲ್ಲ, ಬೇರೆಯವರೂ ಬರೆದಿದ್ದರು. ಸ್ನೋನ ವೈಶಿಷ್ಟ್ಯವೇನೆಂದರೆ ನಕ್ಷೆಗೆ ಒಂದು ಪ್ರಶ್ನೆಯನ್ನು ಕೇಳಿದ್ದು. ಇನ್ನೊಂದು ಪ್ರತಿಯಲ್ಲಿ ಆತನು ಒಂದು ಚುಕ್ಕೆಗೆರೆಯನ್ನು ಸೇರಿಸಿದನು. ಈ ಗೆರೆಯ ಮೇಲಿನ ಯಾವ ಎಡೆಯಿಂದ ನಡೆದರೂ ಬ್ರಾಡ್ ಬೀದಿಯ ಪಂಪಿಗೂ ಪಕ್ಕದ ಇನ್ನೊಂದು ಪಂಪಿಗೂ ಒಂದೇ ದೂರ. ಹಕ್ಕಿ ಹಾರುವ ದೂರವಲ್ಲ, ಕೊಡ ಹಿಡಿದ ಹೆಂಗಸು ಸಂದಿಗೊಂದಿಗಳಲ್ಲಿ ನಡೆಯುವ ದೂರ. ಗೆರೆಯ ಒಳಗೆ ಸಾವುಗಳು ಕಿಕ್ಕಿರಿದಿವೆ. ಗೆರೆಯನ್ನು ಸಮೀಪಿಸಿದಂತೆ ವಿರಳವಾಗುತ್ತವೆ.

ಆತನ ಮಾತನ್ನು ಅಲ್ಲಗಳೆಯಲೆಂದೇ ಹೊರಟವನೊಬ್ಬನು ಆತನಿಗೆ ಅತ್ಯಂತ ಬಲವಾದ ಸಾಕ್ಷಿಯನ್ನು ತಂದುಕೊಟ್ಟನು. ಆತನು ಆ ಪೇಟೆಯ ತರುಣ ಪಾದ್ರಿ ಹೆನ್ರಿ ವೈಟ್‌ಹೆಡ್. ಸತ್ತವರನ್ನೆಲ್ಲ ಹೆಸರಿಡಿದು ಬಲ್ಲ ಆತನು ತಿಂಗಳುಗಟ್ಟಲೆ ಮನೆಮನೆ ವಿಚಾರಿಸಿ, ಕೊನೆಗೆ ಪಂಪಿನ ಎದುರಿನ ಮನೆಯೊಂದರಲ್ಲಿ ಒಂದು ಹಸುಗೂಸು ಎಲ್ಲರಿಗಿಂತ ಮೊದಲು ಕಾಯಿಲೆ ಬಿದ್ದಿತ್ತೆಂಬುದನ್ನು ಕಂಡುಹಿಡಿದನು. ತಾಯಿಯು ಮಗುವಿನ ಬಟ್ಟೆಗಳನ್ನು ತೊಳೆದ ನೀರನ್ನು ಮನೆಯ ಮುಂದಿನ ಮಲಗುಂಡಿಗೆ ಸುರಿದಿದ್ದಳು. ಅಗೆದು ನೋಡಿದಾಗ ಗುಂಡಿಯ ಗೋಡೆ ಶಿಥಿಲವಾಗಿ, ಮೂರಡಿಯೂ ಇಲ್ಲದ ದೂರದ ಬಾವಿಗೆ ಜಿನುಗುತ್ತಿತ್ತು. ಇನ್ನೊಂದು ಸಂಗತಿಯುಂಟು. ಹಿಡಿಯನ್ನು ಕಳಚಿದ ದಿನವೇ ಆ ಮಗುವಿನ ತಂದೆಗೂ ರೋಗ ತಗುಲಿ, ಕೆಲವು ದಿನಗಳಲ್ಲಿ ಆತನು ಸತ್ತನು. ಹಿಡಿ ಇದ್ದಲ್ಲೇ ಇದ್ದಿದ್ದರೆ ಬಾವಿಗೆ ಮತ್ತೆ ವಿಷವೇರಿ ಇನ್ನೆಷ್ಟು ಮನೆಗಳ ಮುಂದೆ ಗೆರೆ ಎಳೆಯಬೇಕಾಗಿತ್ತೋ!

ಆದರೂ ಲೋಕ ನಂಬಲಿಲ್ಲ. ಸರ್ಕಾರದ ಆರೋಗ್ಯ ಮಂಡಳಿಯ ವಿಜ್ಞಾನ ಸಮಿತಿಯು ೧೮೫೫ರಲ್ಲಿ ಸ್ನೋನ ಅಭಿಪ್ರಾಯಕ್ಕೆ ಆಧಾರವಿಲ್ಲವೆಂದು ತಳ್ಳಿಹಾಕಿತು. ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆ ಆತನನ್ನು ಹಂಗಿಸಿ ಬರೆಯಿತು. ಆತನು ಉತ್ತರದಲ್ಲಿ ಸಿಟ್ಟನ್ನು ತೋರದೆ ಲೆಕ್ಕವನ್ನೇ ತೋರುತ್ತ ತನ್ನ ಕೆಲಸ ಮುಂದುವರಿಸಿದನು. ೧೮೫೮ರ ಜೂನ್ ೧೦ರಂದು, ಕ್ಲೋರೋಫಾರಮಿನ ಮೇಲಿನ ತನ್ನ ದೊಡ್ಡ ಗ್ರಂಥದ ಕೊನೆಯ ಪುಟಗಳನ್ನು ಬರೆಯುತ್ತಿರುವಾಗ ಲಕ್ವ ಬಡಿದು, ಅದೇ ೧೬ರಂದು ತೀರಿಕೊಂಡನು. ವಯಸ್ಸು ಕೇವಲ ನಲವತ್ತೈದು. ಗ್ರಂಥವನ್ನು ಗೆಳೆಯನಾದ ಬೆಂಜಮಿನ್ ವಾರ್ಡ್ ರಿಚರ್ಡ್‌ಸನ್ ಆ ವರ್ಷವೇ ಪ್ರಕಟಿಸಿದನು. ಲ್ಯಾನ್ಸೆಟ್ ಪತ್ರಿಕೆಯ ಮರಣವಾರ್ತೆಯಲ್ಲಿ ಕಾಲರಾ ಎಂಬ ಶಬ್ದವೇ ಇರಲಿಲ್ಲ. ಆ ಲೋಪವನ್ನು ಅದೇ ಪತ್ರಿಕೆ ಸರಿಪಡಿಸಿಕೊಂಡದ್ದು ೨೦೧೩ರಲ್ಲಿ, ನೂರೈವತ್ತೈದು ವರ್ಷಗಳ ಅನಂತರ.

ಸತ್ಯಕ್ಕೆ ಮಾತ್ರ ಅಷ್ಟು ಕಾಲ ಹಿಡಿಯಲಿಲ್ಲ. ೧೮೬೬ರಲ್ಲಿ ಲಂಡನ್ನಿನ ಪೂರ್ವಭಾಗದಲ್ಲಿ ಕಾಲರಾ ಬಂದಾಗ, ಹಿಂದೆ ದುರ್ಗಂಧವಾದಿಯಾಗಿದ್ದ ವಿಲಿಯಂ ಫಾರನೇ ಲೆಕ್ಕಗಳನ್ನು ಹಿಡಿದು ನೀರಿನ ಕಂಪನಿಯೇ ಕಾರಣವೆಂದು ತೋರಿಸಿದನು. ೧೮೮೪ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಗೇ ಬಂದು, ರೋಗಿಗಳ ಕರುಳಿನಲ್ಲಿಯೂ ಜನ ಬಳಸುವ ಕೆರೆಯ ನೀರಿನಲ್ಲಿಯೂ ಕಾಲರಾ ಕ್ರಿಮಿಯನ್ನು ಕಂಡನು. ಆ ಕ್ರಿಮಿಯು ಕರುಳಿನಲ್ಲಿ ಸ್ರವಿಸುವ ವಿಷವೇ ವಾಂತಿಭೇದಿಗೆ ಮೂಲವೆಂದು ೧೯೫೯ರಲ್ಲಿ ತೋರಿಸಿದವರು ಅದೇ ಕಲ್ಕತ್ತೆಯ ಶಂಭುನಾಥ ದೇ ಅವರು. ರೋಗವು ಕರುಳಿನಲ್ಲೇ ಮೊದಲಾಗುತ್ತದೆಂದು ಕ್ರಿಮಿಯನ್ನು ಕಾಣದೆಯೇ ಹೇಳಿದ್ದ ಸ್ನೋನ ತರ್ಕ ಹೀಗೆ ಪೂರ್ಣವಾಯಿತು. ಬ್ರಾಡ್ ಬೀದಿಗೆ ಈಗ ಬ್ರಾಡ್‌ವಿಕ್ ಬೀದಿಯೆಂದು ಹೆಸರು. ಅಲ್ಲಿ ಹಿಡಿಯಿಲ್ಲದ ಒಂದು ಪಂಪನ್ನು ನೆನಪಿಗಾಗಿ ನಿಲ್ಲಿಸಿದ್ದಾರೆ. ಎದುರಿಗೆ ಇರುವ ಮದ್ಯದಂಗಡಿಗೆ, ಬಹುಕಾಲ ಮದ್ಯವನ್ನು ತೊರೆದಿದ್ದ ಆ ವೈದ್ಯನ ಹೆಸರನ್ನೇ ಇಟ್ಟಿರುವುದು ಕಾಲದ ವಿನೋದ.

ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಮಗೆ ಈ ಜೀವನದಿಂದ ಏನು ಪ್ರಯೋಜನವೆಂದು ಕೇಳಬಹುದು. ಅಂಕಿಗಳು ಒಣ ವಸ್ತುಗಳೆಂದೂ ಕರುಣೆ ಕಾವ್ಯದ ಸೊತ್ತೆಂದೂ ನಾವು ಬಗೆಯುತ್ತೇವೆ. ಸ್ನೋನ ನಕ್ಷೆಯ ಒಂದೊಂದು ಗೆರೆಗೂ ಒಂದೊಂದು ಮನೆಯುಂಟು, ಆ ಮನೆಯ ಬಾಗಿಲನ್ನು ಆತನೇ ತಟ್ಟಿದ್ದುಂಟು. ಆತನ ಔಷಧದ ಪುಸ್ತಕದಲ್ಲಿ ರಾಣಿಗೂ ಕೂಲಿಯ ಹೆಂಡತಿಗೂ ಒಂದೇ ಬಗೆಯ ಸಾಲು. ಲೆಕ್ಕದಿಂದ ಯಾರನ್ನೂ ಬಿಡದಿರುವುದು, ತನಗೆ ಎದುರಾದ ಲೆಕ್ಕವನ್ನು ಬಚ್ಚಿಡದಿರುವುದು, ಲೆಕ್ಕವನ್ನು ಸಾಮಾನ್ಯನ ಕಣ್ಣಿಗೂ ಕಾಣುವಂತೆ ಇಡುವುದು: ಇವು ಮೂರೂ ಕರುಣೆಯ ಕೆಲಸಗಳೇ. ಔಷಧಗಳ ಲೆಕ್ಕ ಇಂದು ಕೋಟಿಗಟ್ಟಲೆ ಸಾಲುಗಳಿಗೆ ಬೆಳೆದಿದೆ. ಅವುಗಳನ್ನು ಚಿತ್ರಿಸುವ ಯಂತ್ರಗಳು ಬಂದಿವೆ. ಆದರೆ ಗುಂಪಿಗೆ ಸೇರದ ಆ ಹತ್ತು ಸಾವುಗಳ ಬೆನ್ನು ಹತ್ತಿ, ಹ್ಯಾಂಪ್‌ಸ್ಟೆಡ್‌ನ ವಿಧವೆ ಏಕೆ ಸತ್ತಳೆಂದು ವಿಚಾರಿಸುವ ಕೆಲಸವನ್ನು ಈಗಲೂ ಮನುಷ್ಯನೇ ಮಾಡಬೇಕಾಗಿದೆ.